ಉಪಕೇಂದ್ರವು ಹೇಳಬೇಕಾದುದು

ಕೊಡಗಿನಲ್ಲಿ ಕಕ್ಕಡವೆಂದರೆ ಮಳೆಯ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಬ್ರಹ್ಮಗಿರಿಯ ತಪ್ಪಲಿನಲ್ಲಿ ಸುರಿದ ನೀರೆಲ್ಲವೂ ಇಳಿದುಬಂದು ಸಿದ್ದಾಪುರಕ್ಕೂ ನೆಲ್ಯಹುದಿಕೇರಿಗೂ ನಡುವಣ ಸೇತುವೆಯ ಕೆಳಗೆ ಕೆಂಪಾಗಿ ಹರಿಯುವ ಆ ದಿನಗಳಲ್ಲಿ, ಕಾಫಿ ಗಿಡಗಳಿಗೆ ನೆರಳನ್ನೀಯಲೆಂದು ಬೆಳೆಸಿದ ಸಿಲ್ವರ್ ಓಕ್, ಹಾಲುವಾಣ, ಬಳಂಜಿ ಮೊದಲಾದ ಮರಗಳ ಕೊಂಬೆಯೊಂದು ಗಾಳಿಗೆ ಮುರಿದು 11 ಕಿಲೋವೋಲ್ಟಿನ ತಂತಿಯ ಮೇಲೆ ಬಿತ್ತೆಂದರೆ, ಅದರಿಂದ ಯಾರಿಗೂ ವಿಸ್ಮಯವಾಗುವುದಿಲ್ಲ. ದೀಪವಾರುತ್ತದೆ, ಮನೆಯವರು ಕರೆಂಟು ಹೋಯಿತೆನ್ನುತ್ತಾರೆ, ಸಂಜೆಯೊಳಗೆ ಬಂದರೆ ಬಂತು, ಇಲ್ಲದಿದ್ದರೆ ನಾಳೆ ಎಂದು ಮೇಣದ ಬತ್ತಿಯನ್ನು ಹುಡುಕುತ್ತಾರೆ. ಅಷ್ಟರೊಳಗಾಗಿ, ಆ ತಂತಿಗೆ ವಿದ್ಯುತ್ತನ್ನೂಡುತ್ತಿದ್ದ ಉಪಕೇಂದ್ರದಲ್ಲಿ ಬ್ರೇಕರು ತೆರೆದುಕೊಂಡಿರುತ್ತದೆ. ಮತ್ತು ಆ ಉಪಕೇಂದ್ರದಲ್ಲಿ ಇಂದಿನ ರೀತಿಯ ಸ್ವಯಂಚಾಲಿತ ಸಾಧನಗಳಿದ್ದ ಪಕ್ಷದಲ್ಲಿ, ನಡೆದುದನ್ನು ದೂರದ ನಿಯಂತ್ರಣ ಕೊಠಡಿಗೆ ತಿಳಿಸುವ ಕಾರ್ಯವೂ ಆರಂಭವಾಗಿರುತ್ತದೆ. ಏನನ್ನು ತಿಳಿಸಬೇಕು, ಯಾವುದನ್ನು ಮೊದಲು ತಿಳಿಸಬೇಕು, ತಿಳಿಸಿದುದು ತಲುಪಿತೆಂಬುದು ಹೇಗೆ ಗೊತ್ತಾಗಬೇಕು, ತಲುಪದಿದ್ದರೆ ಎಷ್ಟು ಕಾಲ ಅದನ್ನು ಕಾಪಾಡಿಕೊಂಡಿರಬೇಕು ಎಂಬ ಪ್ರಶ್ನೆಗಳು ಎಂಜಿನಿಯರರಿಗೆ ಮಾತ್ರ ಸಂಬಂಧಪಟ್ಟವೆಂದು ನಾವು ಭಾವಿಸಿದ್ದೇವೆ. ಕತ್ತಲೆಯಲ್ಲಿ ಕುಳಿತುಕೊಳ್ಳತಕ್ಕವರು ನಾವಾದುದರಿಂದ, ಅವನ್ನು ನಾವೂ ಕೊಂಚ ಅರಿತುಕೊಳ್ಳುವುದು ಉಚಿತ.

ಕನ್ನಡನಾಡಿನ ವಿದ್ಯುತ್ತಿನ ಕಥೆಯ ಮುಖ್ಯವಾದ ಅಧ್ಯಾಯವೊಂದು ಸಿದ್ದಾಪುರದ ಮುಂದೆ ಹರಿಯುವ ಈ ಕಾವೇರಿ ನದಿಯಿಂದಲೇ ಮೊದಲಾದುದು. 1902ರಲ್ಲಿ ಶಿವನಸಮುದ್ರದ ಬಳಿ ಕಾವೇರಿಯ ಜಲಪಾತದಿಂದ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗ, ಅಷ್ಟು ದೂರದ ಪ್ರಸರಣವು ಪ್ರಪಂಚದಲ್ಲಿಯೇ ಗಣನೀಯವಾದ ಸಾಹಸವಾಗಿತ್ತು. ಆ ಕಾಲದಿಂದ ಮೊನ್ನೆ ಮೊನ್ನೆಯವರೆಗೂ, ವಿದ್ಯುತ್ ಕೇಂದ್ರಗಳ ವಾರ್ತಾವ್ಯವಸ್ಥೆಯೆಂದರೆ ಒಬ್ಬ ಮನುಷ್ಯ, ಒಂದು ದಿನಚರಿ ಪುಸ್ತಕ, ಒಂದು ದೂರವಾಣಿ, ಇಷ್ಟೇ. ಪಾಳಿಯ ಆಪರೇಟರನು ಗಂಟೆಗೊಮ್ಮೆ ಮೀಟರುಗಳ ಮುಂದೆ ನಡೆದುಹೋಗಿ, ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು ಎಂದು ಬರೆದಿಡುವನು. ಬ್ರೇಕರು ಟ್ರಿಪ್ ಆದರೆ ಯಾವ ರಿಲೇಯ ಗುರುತುಚೀಟಿ ಬಿದ್ದಿದೆಯೆಂಬುದನ್ನು ನೋಡಿ ಮೇಲಿನ ಕಚೇರಿಗೆ ಹೇಳುವನು. ಈ ಮನುಷ್ಯನಲ್ಲಿ ಒಂದು ಗುಣವಿತ್ತು. ಅದನ್ನು ನಾವು ಆತ ಇರುವವರೆಗೂ ಗುಣವೆಂದು ಎಣಿಸಲಿಲ್ಲ. ಎಲ್ಲವನ್ನೂ ಅವನು ಹೇಳುತ್ತಿರಲಿಲ್ಲ. ಕೊಠಡಿಯ ದೀಪವೊಂದು ಕೆಟ್ಟಿದ್ದರೆ ಅದಕ್ಕಾಗಿ ನಡುರಾತ್ರಿಯಲ್ಲಿ ಎಂಜಿನಿಯರನ್ನು ಎಬ್ಬಿಸುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರಿನ ಎಣ್ಣೆ ಬಿಸಿಯೇರುತ್ತಿದ್ದರೆ ಬೆಳಗಿನವರೆಗೆ ಕಾಯುತ್ತಿರಲಿಲ್ಲ.

ಆ ಮನುಷ್ಯನ ಸ್ಥಾನದಲ್ಲಿ ಈಗ ಆರ್.ಟಿ.ಯು. ಎಂಬ ಪೆಟ್ಟಿಗೆಯು ಕುಳಿತಿದೆ. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವು ರಾಜ್ಯದುದ್ದಗಲಕ್ಕೂ ಹರಡಿದ ತನ್ನ ಉಪಕೇಂದ್ರಗಳನ್ನು, ಉಪಗ್ರಹದ ಸಂಪರ್ಕವನ್ನೂ ಬಳಸಿಕೊಂಡು, ಬೆಂಗಳೂರಿನ ನಿಯಂತ್ರಣ ಕೇಂದ್ರದೊಡನೆ ಜೋಡಿಸಿಕೊಂಡಿದೆ. ಕೊಡಗು, ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ ಜಿಲ್ಲೆಗಳಲ್ಲಿ ಮನೆಮನೆಗೆ ವಿದ್ಯುತ್ತನ್ನು ಹಂಚುವ ಹೊಣೆ ನಮ್ಮ ಚೆಸ್ಕಾಮಿನದು. ಪ್ರಸರಣದ ಮಟ್ಟದಲ್ಲಿ ಬಹುಕಾಲದಿಂದ ನಡೆದುಬಂದ ಈ ದೂರವಾರ್ತೆಯು ಮೆಲ್ಲಮೆಲ್ಲನೆ ವಿತರಣೆಯ ಮಟ್ಟಕ್ಕೂ, ಅಲ್ಲಿಂದ ಫೀಡರಿನ, ಎಂದರೆ ಉಪಕೇಂದ್ರದಿಂದ ಹೊರಡುವ ತಂತಿಮಾರ್ಗದ, ನಡುವಣ ಕಂಬಕ್ಕೂ, ಕಡೆಗೆ ಮನೆಯ ಮೀಟರಿಗೂ ಇಳಿಯುತ್ತಿರುವ ಕಾಲವಿದು. ಆಪರೇಟರನು ಹೊರಟುಹೋದನು, ಆತನ ವಿವೇಕವನ್ನು ಪೆಟ್ಟಿಗೆಗೆ ಯಾರು ಕಲಿಸಿದರು ಎಂಬುದೇ ಉಳಿದ ಪ್ರಶ್ನೆ.

ಪೆಟ್ಟಿಗೆಯಿಂದ ಸುದ್ದಿಯನ್ನು ಪಡೆಯುವುದಕ್ಕೆ ಅತ್ಯಂತ ಸರಳವಾದ ಮಾರ್ಗವೆಂದರೆ ಪದೇಪದೇ ಕೇಳುವುದು. ನಿಯಂತ್ರಣ ಕೇಂದ್ರದ ಗಣಕವು ಕೆಲವು ಸೆಕೆಂಡುಗಳಿಗೊಮ್ಮೆ ಪ್ರತಿಯೊಂದು ಉಪಕೇಂದ್ರವನ್ನೂ ಕರೆದು, ನಿನ್ನಲ್ಲಿರುವ ಎಲ್ಲ ಬ್ರೇಕರುಗಳ ಸ್ಥಿತಿಯನ್ನೂ ಎಲ್ಲ ಮೀಟರುಗಳ ಅಂಕಿಯನ್ನೂ ಒಪ್ಪಿಸು ಎನ್ನುತ್ತದೆ. ಪೆಟ್ಟಿಗೆಯು ನೂರಾರು ಅಂಕಿಗಳನ್ನು ಒಪ್ಪಿಸುತ್ತದೆ. ಅವುಗಳಲ್ಲಿ ಬಹುಪಾಲು ಹಿಂದಿನ ಸಲ ಇದ್ದಂತೆಯೇ ಇರುತ್ತವೆ. ಇದರಲ್ಲಿ ವ್ಯರ್ಥವ್ಯಯವಿದೆಯೆಂಬುದು ಸ್ಪಷ್ಟ. ಆದರೆ ಅದಕ್ಕಿಂತ ದೊಡ್ಡ ದೋಷವು ಬೇರೊಂದುಂಟು. ಎರಡು ಕರೆಗಳ ನಡುವಿನಲ್ಲಿ ಬ್ರೇಕರು ತೆರೆದುಕೊಂಡು, ತಾನಾಗಿಯೇ ಮತ್ತೆ ಮುಚ್ಚಿಕೊಂಡಿತೆಂದರೆ, ಕೇಳುವವನಿಗೆ ಮೊದಲೂ ಮುಚ್ಚಿತ್ತು, ಈಗಲೂ ಮುಚ್ಚಿದೆ. ನಡುವೆ ನಡೆದುದು ನಡೆಯಲೇ ಇಲ್ಲ. ಮರದ ಕೊಂಬೆಯು ತಂತಿಯನ್ನು ಮುಟ್ಟಿ ಮುಟ್ಟಿ ಹಿಂದೆ ಸರಿಯುತ್ತಿರುವಾಗ ಆಗುವುದು ಇದೇ. ನಾಳೆ ಪೂರ್ತಿಯಾಗಿ ಬೀಳಲಿರುವ ಮರದ ಮುನ್ಸೂಚನೆಯು ಇಂದಿನ ಪಟ್ಟಿಯಲ್ಲಿ ಇಲ್ಲದೆ ಹೋಗುತ್ತದೆ. ಆದುದರಿಂದ, ಸ್ಥಿತಿಯನ್ನು ಕೇಳುವುದಕ್ಕೆ ಬದಲಾಗಿ ಬದಲಾವಣೆಯನ್ನು ಕೇಳುವ ಪದ್ಧತಿಯು ಬಳಕೆಗೆ ಬಂದಿತು. ಬದಲಾದುದೊಂದೊಂದೂ ಒಂದು ಘಟನೆ. ಘಟನೆಗೊಂದು ಹೆಸರು, ಒಂದು ಬೆಲೆ, ಒಂದು ಕಾಲಮುದ್ರೆ. ಇವನ್ನು ಹೊತ್ತ ಪಟ್ಟಿಯೇ ಘಟನಾವರದಿ.

ಈ ಪದ್ಧತಿಯನ್ನು ಬಹು ಅಚ್ಚುಕಟ್ಟಾಗಿ ರೂಪಿಸಿದ ಪ್ರೋಟೋಕಾಲುಗಳಲ್ಲಿ ಡಿ.ಎನ್.ಪಿ.3 ಎಂಬುದು ಒಂದು. ಕೆನಡಾ ದೇಶದ ಕ್ಯಾಲ್ಗರಿಯ ವೆಸ್ಟ್ರಾನಿಕ್ ಎಂಬ ಸಂಸ್ಥೆಯಲ್ಲಿ ಹುಟ್ಟಿ, 1993ರಲ್ಲಿ ಬಳಕೆದಾರರ ಒಂದು ಮಂಡಲಿಗೆ ಒಪ್ಪಿಸಲ್ಪಟ್ಟು, 2010ರಲ್ಲಿ ಐ.ಇ.ಇ.ಇ. 1815 ಎಂಬ ಅಂಗೀಕೃತ ಮಾನಕವಾಗಿ, 2012ರಲ್ಲಿ ಪರಿಷ್ಕೃತವಾದ ಇದರಲ್ಲಿ, ಪೆಟ್ಟಿಗೆಯೊಳಗಿನ ಸಮಾಚಾರವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುವ ಏರ್ಪಾಡಿದೆ. ಸೊನ್ನೆಯ ವರ್ಗವೆಂದರೆ ಈ ಕ್ಷಣದ ಸ್ಥಿತಿ, ಅದರಲ್ಲಿ ಇತಿಹಾಸವಿಲ್ಲ. ಒಂದು, ಎರಡು, ಮೂರನೆಯ ವರ್ಗಗಳು ಘಟನೆಗಳಿಗೆ ಮೀಸಲು. ಕೇಂದ್ರವು ಒಂದನೆಯ ವರ್ಗವನ್ನು ಎರಡು ಸೆಕೆಂಡಿಗೊಮ್ಮೆ, ಎರಡನೆಯದನ್ನು ನಿಮಿಷಕ್ಕೊಮ್ಮೆ, ಮೂರನೆಯದನ್ನು ಗಂಟೆಗೊಮ್ಮೆ ಕೇಳಬಹುದು; ತನಗೆ ತೋರಿದ ಬೇರೆ ಯಾವ ಲೆಕ್ಕದಲ್ಲಾದರೂ ಕೇಳಬಹುದು. ಒಂದನೆಯ ವರ್ಗವು ಎರಡನೆಯದಕ್ಕಿಂತ ಮುಖ್ಯವೆಂದು ಮಾನಕವು ಎಲ್ಲಿಯೂ ವಿಧಿಸಿಲ್ಲವೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮುಖ್ಯವೆಂಬುದು ರೂಢಿ. ಯಾವ ಘಟನೆಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬ ತೀರ್ಮಾನವನ್ನು ಮಾನಕದ ಕರ್ತೃಗಳು ಬುದ್ಧಿಪೂರ್ವಕವಾಗಿ ನಮಗೇ ಬಿಟ್ಟಿದ್ದಾರೆ. ಸಿದ್ದಾಪುರದ ಫೀಡರಿನ ಸ್ವಭಾವವನ್ನು ಕ್ಯಾಲ್ಗರಿಯಲ್ಲಿ ಕುಳಿತವರು ತಿಳಿದಿರುವುದು ಸಾಧ್ಯವಿಲ್ಲವಷ್ಟೆ.

ವರ್ಗೀಕರಣದಷ್ಟೇ ಪ್ರಶಂಸನೀಯವಾದುದು ಸ್ವೀಕೃತಿಯ ನಿಯಮ. ಘಟನೆಯೊಂದನ್ನು ಕಳುಹಿಸಿದೊಡನೆಯೇ ಪೆಟ್ಟಿಗೆಯು ಅದನ್ನು ತನ್ನ ಸ್ಮೃತಿಯಿಂದ ಅಳಿಸಿಹಾಕುವುದಿಲ್ಲ. ಮುಟ್ಟಿತೆಂಬ ಉತ್ತರವು ಕೇಂದ್ರದಿಂದ ಬಂದ ಮೇಲೆಯೇ ಅಳಿಸುತ್ತದೆ. ಅಂಚೆಯಲ್ಲಿ ಸಾಧಾರಣ ಕಾಗದಕ್ಕೂ, ಸ್ವೀಕೃತಿಚೀಟಿಯನ್ನು ಲಗತ್ತಿಸಿದ ರಿಜಿಸ್ಟರ್ಡ್ ಕಾಗದಕ್ಕೂ ಇರುವ ಅಂತರವೇ ಇದು. ಉತ್ತರವು ಬಾರದಿದ್ದರೆ ಅದೇ ಘಟನೆಯನ್ನು ಅದೇ ಕಾಲಮುದ್ರೆಯೊಡನೆ ಮತ್ತೆ ಕಳುಹಿಸುತ್ತದೆ. ಘಟನೆಗಳನ್ನು ಕಾಪಿಟ್ಟಿರುವ ಬಫರು ತುಂಬಿ, ಕೆಲವನ್ನು ಕಳೆದುಕೊಳ್ಳಬೇಕಾಗಿ ಬಂದರೆ, ನನ್ನಲ್ಲಿ ಕೆಲವು ಘಟನೆಗಳು ನಷ್ಟವಾಗಿವೆ ಎಂದು ಹೇಳುವ ಗುರುತೊಂದನ್ನು ತನ್ನ ಪ್ರತಿ ಉತ್ತರದಲ್ಲಿಯೂ ಎತ್ತಿ ತೋರಿಸುತ್ತದೆ. ನಾನು ನಿಂತುಹೋಗಿ ಮತ್ತೆ ಆರಂಭವಾದೆನು ಎಂಬುದಕ್ಕೂ ಬೇರೊಂದು ಗುರುತುಂಟು. ತನ್ನ ಅಜ್ಞಾನವನ್ನು ತಾನೇ ಮೊದಲು ಸಾರಿ ಹೇಳುವ ಈ ಸೌಜನ್ಯವು ಯಂತ್ರಗಳಲ್ಲಿ ಇರುವಷ್ಟು ಕಚೇರಿಗಳಲ್ಲಿ ಇಲ್ಲ ಎನ್ನಬಹುದಾದರೂ, ಅದು ಬೇರೆ ಅಂಕಣದ ವಿಷಯ.

ಇನ್ನು ತಾತ್ತ್ವಿಕ ವಿಚಾರವನ್ನು ಬಿಟ್ಟು, ಸಿದ್ದಾಪುರದ ಸುತ್ತಣ ತೋಟಗಳ ನಡುವೆ ಹಾದುಹೋಗುವ ಒಂದು ಫೀಡರನ್ನು ಕಲ್ಪಿಸಿಕೊಳ್ಳೋಣ. ಅದರ ಮೂಲದಲ್ಲಿ ಆಧುನಿಕವಾದ ರಿಲೇಯೂ, ತಾನಾಗಿ ಮುಚ್ಚಿಕೊಳ್ಳುವ ಬ್ರೇಕರೂ ಇವೆಯೆಂದು ಭಾವಿಸೋಣ. ಸಿಲ್ವರ್ ಓಕಿನ ತುದಿ ಮುರಿದು ಎರಡು ತಂತಿಗಳ ಮೇಲೆ ಅಡ್ಡಲಾಗಿ ಬಿತ್ತು. ಅಥವಾ, ಈ ಕಡೆಯ ತೋಟಗಳಲ್ಲಿ ಅಪರೂಪವಲ್ಲದಂತೆ, ಕಾಡಾನೆಯೊಂದು ಮರವನ್ನು ಒರಗಿಸಿತು. ರಿಲೇಯು ಮಿತಿಮೀರಿದ ಪ್ರವಾಹವನ್ನು ಕಂಡಿತೆಂಬುದು ಮೊದಲನೆಯ ಘಟನೆ. ಯಾವ ಫೇಸು ಎಂಬುದು ಎರಡನೆಯದು, ಮೂರನೆಯದು. ಭೂದೋಷವೂ ಸೇರಿದ್ದರೆ ಇನ್ನೊಂದು. ಟ್ರಿಪ್ ಆಜ್ಞೆ ಹೊರಟಿತು, ಬ್ರೇಕರು ತೆರೆಯಿತು, ಪ್ರವಾಹವು ಸೊನ್ನೆಗಿಳಿಯಿತು, ಸ್ಪ್ರಿಂಗನ್ನು ಬಿಗಿಯುವ ಮೋಟಾರು ತಿರುಗಲಾರಂಭಿಸಿತು, ಮರುಮುಚ್ಚುವಿಕೆಯ ಗಡಿಯಾರವು ಹೊರಟಿತು. ಇವೆಲ್ಲವೂ ಕಣ್ಣು ಮಿಟುಕಿಸಿ ಮುಗಿಸುವುದರೊಳಗೆ ಆದವು. ಕ್ಷಣಕಾಲ ಬಿಟ್ಟು ಬ್ರೇಕರು ಮುಚ್ಚಿತು. ಕೊಂಬೆಯು ಇನ್ನೂ ಅಲ್ಲಿಯೇ ಇದ್ದುದರಿಂದ ಮೇಲಣ ಪಟ್ಟಿಯೆಲ್ಲವೂ ಮತ್ತೊಮ್ಮೆ ಪುನರಾವೃತ್ತವಾಯಿತು. ಕಡೆಗೆ, ಇನ್ನು ಪ್ರಯತ್ನಿಸೆನು ಎಂದು ರಿಲೇಯು ಬ್ರೇಕರಿಗೆ ಬೀಗ ಹಾಕಿತು. ಒಂದು ಕೊಂಬೆಯಿಂದ ಇಪ್ಪತ್ತೋ ಮೂವತ್ತೋ ಘಟನೆಗಳು. ಒಂದೇ ಬಿರುಗಾಳಿಯಲ್ಲಿ ಅಮ್ಮತ್ತಿ, ಪಾಲಿಬೆಟ್ಟ, ಮಾಲ್ದಾರೆಗಳ ಕಡೆಯಿಂದಲೂ ಇಂಥವೇ ಬರುತ್ತಿವೆಯೆಂದರೆ, ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಸಾಲುಗಳು ಓದಲಾರದ ವೇಗದಲ್ಲಿ ಮೇಲೇರುತ್ತಿರುತ್ತವೆ.

ಆ ಮೂವತ್ತರಲ್ಲಿ, ಪರದೆಯ ಮುಂದೆ ಕುಳಿತವನು ಆ ಕ್ಷಣದಲ್ಲಿ ತಿಳಿಯಬೇಕಾದುದು ಒಂದೇ: ಇಂಥ ಫೀಡರಿನ ಬ್ರೇಕರು ಬೀಗ ಹಾಕಿಕೊಂಡಿದೆ, ಲೈನ್‌ಮನ್ ಹೋಗಬೇಕು. ಯಾವ ಫೇಸು, ಎಷ್ಟು ಪ್ರವಾಹ ಎಂಬುದು ದೋಷವು ಎಷ್ಟು ದೂರದಲ್ಲಿರಬಹುದೆಂದು ಊಹಿಸುವುದಕ್ಕೆ ನೆರವಾಗುವುದರಿಂದ ಅದು ಬೆನ್ನಿಗೇ ಬರಬೇಕು. ಸ್ಪ್ರಿಂಗಿನ ಮೋಟಾರು ಎಷ್ಟು ಸೆಕೆಂಡು ತಿರುಗಿತು ಎಂಬುದು, ವರ್ಷದ ಕೊನೆಯಲ್ಲಿ ಬ್ರೇಕರಿನ ಆರೋಗ್ಯವನ್ನು ಪರೀಕ್ಷಿಸುವವನಿಗೆ ಬೇಕಾದ ಸಂಗತಿ. ಅದು ಬೆಳಗಿನ ಜಾವದಲ್ಲಿ, ಸಂಪರ್ಕವು ನಿಶ್ಚಿಂತವಾಗಿರುವಾಗ, ಬಂದರೆ ಸಾಕು. ನನ್ನ ಅಭಿಪ್ರಾಯದಲ್ಲಿ ವರ್ಗೀಕರಣಕ್ಕೆ ಇರತಕ್ಕ ಒರೆಗಲ್ಲು ಇದೊಂದೇ: ಈ ಸುದ್ದಿಯನ್ನು ಕೇಳಿ ಯಾರಾದರೂ ಎದ್ದು ಹೊರಡಬೇಕೆ? ಹೊರಡಬೇಕಾದುದು ಒಂದನೆಯ ವರ್ಗ. ಹೊರಟವನ ದಾರಿಯನ್ನು ಬದಲಿಸಬಲ್ಲುದು ಎರಡನೆಯದು. ದಾಖಲೆಗೆ ಮಾತ್ರ ಬೇಕಾದುದು ಮೂರನೆಯದು. ಯಾವುದಕ್ಕೂ ಬೇಡವಾದುದು ಘಟನೆಯಾಗುವ ಅಗತ್ಯವೇ ಇಲ್ಲ. ಅದು ಸೊನ್ನೆಯ ವರ್ಗದಲ್ಲಿ ಸ್ಥಿತಿಯಾಗಿ ಉಳಿದಿರಲಿ.

ಆದರೆ ಬಹುಪಾಲು ಸ್ಥಳಗಳಲ್ಲಿ ಆಗುವುದು ಹೀಗಲ್ಲ. ಪೆಟ್ಟಿಗೆಯನ್ನು ತಯಾರಿಸಿದ ಕಾರ್ಖಾನೆಯು ಏನನ್ನು ಮೊದಲೇ ತುಂಬಿ ಕಳುಹಿಸಿರುವುದೋ ಅದನ್ನೇ ಗುತ್ತಿಗೆದಾರನು ಉಳಿಸಿಕೊಳ್ಳುವನು. ಕಾಮಗಾರಿಯನ್ನು ಪರೀಕ್ಷಿಸುವವನು, ಎಲ್ಲ ಬಿಂದುಗಳೂ ಪರದೆಗೆ ಬರುತ್ತಿವೆಯೆ ಎಂದು ಎಣಿಸಿ ರುಜು ಹಾಕುವನು. ಎಲ್ಲವೂ ಒಂದನೆಯ ವರ್ಗದಲ್ಲಿರುವುದೇ ಸಂಪೂರ್ಣತೆಯ ಲಕ್ಷಣವೆಂದು ಇಬ್ಬರೂ ತೃಪ್ತರಾಗುವರು. ಬೇಸಗೆಯಲ್ಲಿ ಈ ಪಟ್ಟಿಯು ಚೆನ್ನಾಗಿಯೇ ನಡೆಯುತ್ತದೆ. ಕಕ್ಕಡದಲ್ಲಿ ಅದು ಕುಸಿಯುತ್ತದೆ. ಅದಕ್ಕೆ ಗಾಳಿಯೊಂದೇ ಕಾರಣವಲ್ಲ, ತೇವವೂ ಕಾರಣ. ತಿಂಗಳುಗಟ್ಟಲೆ ಸೂರ್ಯನನ್ನು ಕಾಣದ ಪೆಟ್ಟಿಗೆಯೊಳಗೆ ನೀರಿನ ಪಸೆ ಸೇರಿ, ಯಾವುದೋ ಅಪ್ರಧಾನವಾದ ಸಂಪರ್ಕತಂತಿಯು ಮುಟ್ಟಿಯೂ ಮುಟ್ಟದಂತಾಗಿ, ಬಾಗಿಲು ತೆರೆದಿದೆ, ಮುಚ್ಚಿದೆ, ತೆರೆದಿದೆ ಎಂದು ಗಂಟೆಗೆ ಸಾವಿರ ಸಲ ವರದಿಮಾಡತೊಡಗಿದರೆ, ಬಫರು ಆ ಬಾಗಿಲಿನ ಕಥೆಯಿಂದಲೇ ತುಂಬಿಹೋಗಿ, ಟ್ರಾನ್ಸ್‌ಫಾರ್ಮರಿನ ಎಚ್ಚರಿಕೆಗೆ ಎಡೆಯಿಲ್ಲದಂತಾಗುವುದು. ಇದಕ್ಕೆ ಪ್ರತೀಕಾರವಿಲ್ಲದಿಲ್ಲ. ಒಂದೇ ಬಿಂದುವು ಅತಿಯಾಗಿ ಚಡಪಡಿಸಿದರೆ ಅದನ್ನು ತಡೆಹಿಡಿದು, ಇದು ಚಡಪಡಿಸುತ್ತಿದೆ ಎಂಬ ಒಂದು ಗುರುತನ್ನು ಮಾತ್ರ ಕಳುಹಿಸುವ ಸೌಕರ್ಯವು ಡಿ.ಎನ್.ಪಿ.3ರಲ್ಲಿಯೇ ಇದೆ. ವೋಲ್ಟೇಜಿನಂಥ ಅಂಕಿಗಳಿಗೆ, ಇಷ್ಟರ ಮಟ್ಟಿಗೆ ಬದಲಾದರೆ ಮಾತ್ರ ಘಟನೆಯೆಂದು ಎಣಿಸು ಎಂಬ ಮಿತಿಯನ್ನು ವಿಧಿಸಬಹುದು. ಹತ್ತು ಬದಲಾವಣೆಗಳಲ್ಲಿ ಕಡೆಯದನ್ನು ಮಾತ್ರ ಇಟ್ಟುಕೋ ಎಂದೂ ಹೇಳಬಹುದು. ಬ್ರೇಕರಿನ ವಿಷಯದಲ್ಲಿ ಮಾತ್ರ ಎಂದಿಗೂ ಹಾಗೆ ಹೇಳಬಾರದು. ಅಲ್ಲಿ ಪೂರ್ವಾಪರದ ಕ್ರಮವೇ ಪ್ರಾಣ. ಇವೆಲ್ಲವೂ ಒಂದೊಂದು ಬಿಂದುವಿಗೂ ಒಂದೊಂದು ತೀರ್ಮಾನವನ್ನು ಬೇಡುತ್ತವೆ. ತೀರ್ಮಾನಕ್ಕೆ ತಾಳ್ಮೆ ಬೇಕು. ತಾಳ್ಮೆಗೆ ಟೆಂಡರಿನಲ್ಲಿ ದರ ನಮೂದಾಗಿರುವುದಿಲ್ಲ.

ಕೇಳುವ ಮೊದಲೇ ಹೇಳುವ ಸ್ವಾತಂತ್ರ್ಯವನ್ನೂ ಪೆಟ್ಟಿಗೆಗೆ ಕೊಡಬಹುದು. ತುರ್ತಿನ ಘಟನೆಗೆ ಕರೆಯನ್ನು ಕಾಯದೆ ತಾನೇ ಮಾತನಾಡಲಿ ಎಂಬುದು ಆಕರ್ಷಕವಾದ ಏರ್ಪಾಡು. ಆದರೆ ಒಂದೇ ರೇಡಿಯೋ ತರಂಗವನ್ನು ಹಂಚಿಕೊಂಡಿರುವ ಹತ್ತಾರು ಪೆಟ್ಟಿಗೆಗಳಿಗೆ ಒಂದೇ ಸಿಡಿಲು ಒಂದೇ ಕ್ಷಣದಲ್ಲಿ ತಟ್ಟಿದಾಗ, ಎಲ್ಲವೂ ಕೂಡಿ ಮಾತನಾಡಿ ಒಂದರ ಮಾತೂ ಕೇಳದಂತಾಗುವ ಅಪಾಯವುಂಟು. ಆದಕಾರಣ, ಇಷ್ಟು ಘಟನೆಗಳು ಕೂಡಿದ ಮೇಲೆ ಅಥವಾ ಇಷ್ಟು ಸೆಕೆಂಡು ಕಳೆದ ಮೇಲೆ ಮಾತನಾಡು ಎಂಬ ಸಂಯಮವನ್ನು ಪ್ರತಿ ವರ್ಗಕ್ಕೂ ಬೇರೆಬೇರೆಯಾಗಿ ವಿಧಿಸಲು ಅವಕಾಶವಿಟ್ಟಿದ್ದಾರೆ. ಕೊಡಗಿಗೆ ಇನ್ನೂ ಒಂದು ವಿಶೇಷ ಕಷ್ಟವಿದೆ. ಪೆಟ್ಟಿಗೆಯು ಮೊಬೈಲ್ ಜಾಲವನ್ನು ನೆಚ್ಚಿಕೊಂಡಿದ್ದರೆ, ವಿದ್ಯುತ್ ಹೋದ ಕೆಲವು ತಾಸುಗಳಲ್ಲಿ ಟವರಿನ ಬ್ಯಾಟರಿಯೂ ಇಳಿದು, ಡೀಸೆಲ್ಲೂ ಮುಗಿದು, ಜಾಲವೇ ಮೂಕವಾಗುವುದು ಇಲ್ಲಿನವರಿಗೆಲ್ಲ ತಿಳಿದ ಸಂಗತಿ. ವಿದ್ಯುತ್ತಿನ ಸುದ್ದಿಯನ್ನು ಹೊರಬೇಕಾದ ದಾರಿಯು ವಿದ್ಯುತ್ತನ್ನೇ ಅವಲಂಬಿಸಿದೆ. ಬಯಲುಸೀಮೆಯ ಪಟ್ಟಣದಲ್ಲಿ ಕೆಲವು ಗಂಟೆಗಳ ಘಟನೆಗಳನ್ನು ಹಿಡಿಯುವ ಬಫರು ಸಾಕಾದರೆ, ಇಲ್ಲಿ ಹಲವು ದಿನಗಳದು ಬೇಕು. 2018ರ ಆಗಸ್ಟಿನಲ್ಲಿ ಜಿಲ್ಲೆಯ ಬೆಟ್ಟಗಳು ಕುಸಿದಾಗಲೂ, 2019ರ ಆಗಸ್ಟಿನಲ್ಲಿ ಕಾವೇರಿಯು ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳ ದಡದ ಮನೆಗಳಿಗೆ ನುಗ್ಗಿದಾಗಲೂ ಆದ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಇದು ಅತಿಶಯೋಕ್ತಿಯೆನಿಸದು.

ನೆರೆಯ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು. ಬ್ರೇಕರು ತೆರೆದಿದೆಯೆಂಬ ಸುದ್ದಿಯು ಅರ್ಧಸುದ್ದಿ. ಯಾರು ತೆರೆದರು ಎಂಬುದು ಉಳಿದರ್ಧ. ನೀರು ನುಗ್ಗಿದ ಕೇರಿಯಲ್ಲಿ ಜನರ ರಕ್ಷಣೆಗಾಗಿ ಬುದ್ಧಿಪೂರ್ವಕವಾಗಿ ತೆರೆದ ಬ್ರೇಕರೂ, ಕಂಬದ ಮೇಲೆ ಮನುಷ್ಯನೊಬ್ಬನು ಕೆಲಸಮಾಡುತ್ತಿರುವುದರಿಂದ ಲೈನ್ ಕ್ಲಿಯರ್ ಕೊಟ್ಟು ತೆರೆದಿಟ್ಟ ಬ್ರೇಕರೂ, ಕೊಂಬೆ ಬಿದ್ದುದರಿಂದ ರಿಲೇಯು ತೆರೆದ ಬ್ರೇಕರೂ ಪರದೆಯ ಮೇಲೆ ಒಂದೇ ಬಣ್ಣದಲ್ಲಿ ಕಂಡುವೆಂದರೆ, ಅವಸರದಲ್ಲಿರುವ ಕೈಯೊಂದು ಮುಚ್ಚಬಾರದುದನ್ನು ಮುಚ್ಚೀತು. ಐರೋಪ್ಯ ಸಂಪ್ರದಾಯದಿಂದ ಬಂದ ಐ.ಇ.ಸಿ. 60870-5-101 ಮತ್ತು 104 ಎಂಬ ಪ್ರೋಟೋಕಾಲುಗಳು, ನಮ್ಮ ದೇಶದ ಭಾರ ನಿರ್ವಹಣಾ ಕೇಂದ್ರಗಳಲ್ಲಿ ಹೆಚ್ಚು ರೂಢಿಯಲ್ಲಿರುವುವು ಇವೇ, ಪ್ರತಿಯೊಂದು ಸಂದೇಶಕ್ಕೂ ಅದು ಹೊರಟ ಕಾರಣವನ್ನು ಅಂಕೆಯ ರೂಪದಲ್ಲಿ ಲಗತ್ತಿಸುತ್ತವೆ: ತಾನಾಗಿ ಸಂಭವಿಸಿದುದಾದರೆ 3, ಕೇಂದ್ರವು ಕೇಳಿದುದಕ್ಕೆ ಉತ್ತರವಾದರೆ 20, ಹೀಗೆ. ತದನಂತರ ಬಂದ ಐ.ಇ.ಸಿ. 61850 ಎಂಬುದು, ಸಂಪರ್ಕ ಕಡಿದಾಗ ಕಾದಿಟ್ಟು ಆಮೇಲೆ ಒಪ್ಪಿಸುವ ವರದಿಗಳನ್ನೂ, ಆ ಕ್ಷಣಕ್ಕೆ ಮಾತ್ರ ಸಲ್ಲುವ ವರದಿಗಳನ್ನೂ ಹೆಸರಿನಲ್ಲಿಯೇ ಬೇರ್ಪಡಿಸಿತು. ವಿವರಗಳು ಬೇರೆ, ಮೂಲವಾದ ಚಿಂತೆ ಒಂದೇ.

ಈ ಚಿಂತೆಯನ್ನು ಅಲಕ್ಷಿಸಿದುದರ ಫಲವನ್ನು ಪ್ರಪಂಚವು ಕಂಡಿದೆ. 1994ರ ಜುಲೈ 24ರಂದು ಬ್ರಿಟನ್ನಿನ ವೇಲ್ಸ್ ಪ್ರಾಂತದ ಮಿಲ್ಫರ್ಡ್ ಹೇವನ್ನಿನ ತೈಲಶುದ್ಧೀಕರಣ ಸ್ಥಾವರವೊಂದರಲ್ಲಿ, ಬೆಳಗಿನ ಸಿಡಿಲುಮಳೆಯಿಂದ ಆರಂಭವಾದ ಏರುಪೇರು ಮಧ್ಯಾಹ್ನ ಸ್ಫೋಟದಲ್ಲಿ ಮುಗಿಯಿತು; ಸ್ಫೋಟಕ್ಕೆ ಮುಂಚಿನ ಸುಮಾರು ಹನ್ನೊಂದು ನಿಮಿಷಗಳಲ್ಲಿ, ಪರದೆಗಳ ಮುಂದಿದ್ದ ಇಬ್ಬರು ನೌಕರರ ಮೇಲೆ 275 ಎಚ್ಚರಿಕೆಗಳು ಬಂದು ಬಿದ್ದಿದ್ದುವು. ಇಲ್ಲಿ ಮಾತು ಹೆಚ್ಚಾಗಿ ಕೆಟ್ಟಿತು. ಮಾತೇ ಇಲ್ಲದೆ ಕೆಟ್ಟ ಪ್ರಸಂಗವೂ ಉಂಟು. ಅದು ಕೊಡಗಿನವರಿಗೆ ಹೆಚ್ಚು ಹತ್ತಿರವಾದುದು, ಏಕೆಂದರೆ ಅದರಲ್ಲಿ ಮರಗಳಿವೆ. 2003ರ ಆಗಸ್ಟ್ 14ರ ಮಧ್ಯಾಹ್ನ, ಅಮೆರಿಕದ ಒಹಾಯೋ ರಾಜ್ಯದ ವಿದ್ಯುತ್ ಸಂಸ್ಥೆಯೊಂದರ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ತಂತ್ರಾಂಶವು, ಯಾರಿಗೂ ತಿಳಿಯದಂತೆ, ನಿಂತುಹೋಯಿತು. ಅದಾದ ಮೇಲೆ ಮೂರು ಮುಖ್ಯವಾದ 345 ಕಿಲೋವೋಲ್ಟ್ ಮಾರ್ಗಗಳು, ಒಂದಾದ ಮೇಲೊಂದು, ಜೋತುಬಿದ್ದು ಕೆಳಗೆ ಬೆಳೆದಿದ್ದ ಮರಗಳನ್ನು ತಗುಲಿ ಟ್ರಿಪ್ ಆದುವು. ಎಚ್ಚರಿಕೆ ಬಾರದಿದ್ದುದರಿಂದ ಎಲ್ಲವೂ ಕ್ಷೇಮವೆಂದೇ ಕೊಠಡಿಯವರು ನಂಬಿದ್ದರು. ಹೊರಗಿನವರು ದೂರವಾಣಿಯಲ್ಲಿ ಕೇಳಿದಾಗಲೂ ಸಂಶಯಪಟ್ಟುದು ಕೇಳಿದವರನ್ನು. ಸಂಜೆ ನಾಲ್ಕೂಕಾಲರ ವೇಳೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಸುಮಾರು 5 ಕೋಟಿ ಜನರು ವಿದ್ಯುತ್ತಿಲ್ಲದೆ ಉಳಿದರು. ಆಮೇಲೆ ತನಿಖೆಗೆ ಕುಳಿತವರಿಗೆ ಒದಗಿದ ಕಷ್ಟವೂ ಬೋಧಪ್ರದವಾದುದು: ಸಾವಿರಾರು ಘಟನೆಗಳ ದಾಖಲೆಗಳಿದ್ದುವು, ಆದರೆ ಅನೇಕ ಸಾಧನಗಳ ಗಡಿಯಾರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ, ಯಾವುದು ಮೊದಲು, ಯಾವುದು ಅನಂತರ ಎಂದು ಜೋಡಿಸುವುದರಲ್ಲಿಯೇ ಬಹುಕಾಲವು ವ್ಯಯವಾಯಿತು.

ಸುದ್ದಿಯಿಲ್ಲದಿರುವುದನ್ನೇ ಶುಭವೆಂದು ತಿಳಿಯಬಾರದೆಂಬ ಕಾರಣಕ್ಕಾಗಿಯೇ, ಘಟನೆಗಳನ್ನು ನೆಚ್ಚಿದ ಪದ್ಧತಿಯೂ ಆಗಾಗ ಸೊನ್ನೆಯ ವರ್ಗವನ್ನು ಸಂಪೂರ್ಣವಾಗಿ ಕೇಳಿಕೊಂಡು, ತನ್ನ ಚಿತ್ರವೂ ಪೆಟ್ಟಿಗೆಯ ಚಿತ್ರವೂ ಒಂದೇ ಆಗಿವೆಯೆ ಎಂದು ತಾಳೆನೋಡಬೇಕೆಂಬ ವಿಧಿಯಿದೆ. ಕಾಲದ ವಿಷಯದಲ್ಲಿಯೂ ಡಿ.ಎನ್.ಪಿ.3 ನಿಷ್ಠುರವಾದುದು, ಅದು 1970ರ ಜನವರಿ 1ರಿಂದ ಮಿಲಿಸೆಕೆಂಡುಗಳನ್ನು ಎಣಿಸುತ್ತದೆ, ಅದೂ ವಿಶ್ವಕಾಲದಲ್ಲಿ, ನಮ್ಮ ಐದೂವರೆ ಗಂಟೆಯನ್ನು ಕೂಡಿಸಿಕೊಳ್ಳಬೇಕಾದುದು ಪರದೆಯ ಕೆಲಸ, ಪೆಟ್ಟಿಗೆಯದಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಣ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಏಕಲಯದಲ್ಲಿ ಕೂಡಿಕೊಂಡ ಮೇಲಂತೂ, ಹಿಮಾಚಲದ ಒಂದು ಘಟನೆಯ ಕಂಪನವು ಕೊಡಗಿನ ಮೀಟರಿನಲ್ಲಿಯೂ ಮೂಡಬಲ್ಲುದಾದುದರಿಂದ, ಗಡಿಯಾರಗಳ ಐಕಮತ್ಯವು ಸ್ಥಳೀಯವಾದ ವಿಚಾರವಾಗಿ ಉಳಿದಿಲ್ಲ.

ಮನೆಯ ಮೀಟರಿಗೆ ಬರೋಣ. ಸ್ಮಾರ್ಟ್ ಮೀಟರಿನ ಬಗೆಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲವೂ ಬೆಲೆಯನ್ನೂ ಬಿಲ್ಲನ್ನೂ ಕುರಿತದ್ದು. ಅದೊಂದು ವಾರ್ತಾಹರನೆಂಬುದನ್ನು ಯಾರೂ ಎತ್ತಿ ಆಡುವುದಿಲ್ಲ. ಭಾರತೀಯ ಮಾನಕ ಬ್ಯೂರೋ 2011ರಲ್ಲಿ ಪ್ರಕಟಿಸಿದ ಐ.ಎಸ್. 15959 ಎಂಬ ಮಾನಕವು ಮೀಟರಿನ ಘಟನೆಗಳನ್ನು ಕೋಷ್ಠಗಳಾಗಿ ವಿಂಗಡಿಸಿದೆ: ವೋಲ್ಟೇಜಿಗೆ ಸಂಬಂಧಿಸಿದುವು ಒಂದರಲ್ಲಿ, ಪ್ರವಾಹಕ್ಕೆ ಸಂಬಂಧಿಸಿದುವು ಇನ್ನೊಂದರಲ್ಲಿ, ವಿದ್ಯುತ್ ಹೋದುದು ಬಂದುದು ಮತ್ತೊಂದರಲ್ಲಿ, ಮೀಟರಿನ ಲೆಕ್ಕವನ್ನು ಯಾರಾದರೂ ಬದಲಾಯಿಸಿದುದು ಬೇರೊಂದರಲ್ಲಿ. ವಿದ್ಯುತ್ ಹೋಯಿತೆಂಬುದಕ್ಕೆ 101, ಬಂತೆಂಬುದಕ್ಕೆ 102 ಎಂಬ ಸಂಖ್ಯೆಗಳು ದೇಶಕ್ಕೆಲ್ಲ ಒಂದೇ. ಪ್ರತಿ ಕೋಷ್ಠಕ್ಕೂ ತನ್ನದೇ ಆದ ಪುಟಗಳಿರುವುದರಿಂದ, ವೋಲ್ಟೇಜಿನ ಏರಿಳಿತವು ಎಷ್ಟೇ ಗದ್ದಲ ಮಾಡಿದರೂ ವಿದ್ಯುತ್ ಹೋದ ದಾಖಲೆಯನ್ನು ಅಳಿಸಲಾರದು. ಬಾಗಿಲಿನ ಕಥೆಯ ಅನಾಹುತವು ಇಲ್ಲಿ ಒದಗದಂತೆ ಮೊದಲೇ ಕಟ್ಟುಮಾಡಿರುವುದು ಮೆಚ್ಚತಕ್ಕ ವಿವೇಕ. ಇಂಥ ಮೀಟರುಗಳಲ್ಲಿ ವಿದ್ಯುತ್ ನಿಲ್ಲುವ ಕ್ಷಣದಲ್ಲಿ, ಒಳಗೆ ಉಳಿದಿರುವ ಅಲ್ಪಶಕ್ತಿಯಿಂದ ಕಡೆಯ ಒಂದು ಸಂದೇಶವನ್ನು ಕಳುಹಿಸುವ ಸೌಲಭ್ಯವೂ ಉಂಟು. ಫೀಡರೆಲ್ಲವೂ ಒಮ್ಮೆಗೇ ಆರಿದಾಗ ಆ ಕಡೆಯ ಮಾತುಗಳಲ್ಲಿ ಹಲವು ತಲುಪಲಾರವು. ಅದರಿಂದ ನಷ್ಟವಿಲ್ಲ, ಒಂದು ಟಿ.ಸಿ.ಯ, ಎಂದರೆ ಕೇರಿಯ ಟ್ರಾನ್ಸ್‌ಫಾರ್ಮರಿನ, ಕೆಳಗಿನ ನಾಲ್ಕಾರು ಮನೆಗಳ ಮಾತು ತಲುಪಿದರೂ ಎಲ್ಲಿಯವರೆಗೆ ತಂತಿ ಜೀವಂತವಾಗಿದೆ, ಎಲ್ಲಿಂದಾಚೆಗೆ ಇಲ್ಲ ಎಂಬುದು ಗೊತ್ತಾಗುತ್ತದೆ. ಇರುಳಿನಲ್ಲಿ ಆನೆಗಳಿರುವ ತೋಟದ ದಾರಿಯಲ್ಲಿ ಟಾರ್ಚು ಹಿಡಿದು ಕಂಬದಿಂದ ಕಂಬಕ್ಕೆ ನಡೆಯಬೇಕಾದ ಲೈನ್‌ಮನ್ನಿಗೆ, ಯಾವ ಕಡೆಗೆ ನಡೆಯಬೇಕಾಗಿಲ್ಲ ಎಂಬುದು ತಿಳಿದರೆ ಅದು ಎಷ್ಟು ದೊಡ್ಡ ಉಪಕಾರವೆಂಬುದನ್ನು ನಡೆದವರೇ ಹೇಳಬೇಕು.

ಆ ಲೈನ್‌ಮನ್ನನ್ನೇ ಪಟ್ಟಿ ತಯಾರಿಸುವ ದಿನ ಮೇಜಿನ ಬಳಿ ಕೂಡಿಸಿಕೊಳ್ಳಬೇಕೆಂಬುದು ನನ್ನ ಬೇಡಿಕೆ. ಯಾವ ತಿರುವಿನಲ್ಲಿ ಮರವು ಪ್ರತಿವರ್ಷವೂ ಬೀಳುತ್ತದೆ, ಯಾವ ಬ್ರೇಕರಿನ ಎಚ್ಚರಿಕೆಯು ತೇವಕ್ಕೆ ಸುಳ್ಳು ನುಡಿಯುತ್ತದೆ, ಯಾವ ಫೀಡರಿನಲ್ಲಿ ಆಸ್ಪತ್ರೆಯಿದೆ, ಯಾವುದರಲ್ಲಿ ಊರಿಗೆ ನೀರೆತ್ತುವ ಪಂಪಿದೆ ಎಂಬುದನ್ನು ಬಲ್ಲವನು ಅವನೂ, ಸೆಕ್ಷನ್ ಕಚೇರಿಯ ಎಂಜಿನಿಯರನೂ. ಆರಂಭದಲ್ಲಿ ಒಮ್ಮೆ ಮಾಡಿದ ಪಟ್ಟಿಯನ್ನು ಮೊದಲ ಮಳೆಗಾಲದ ತರುವಾಯ ಮತ್ತೊಮ್ಮೆ ತೆರೆದು, ಯಾವ ಘಟನೆಯು ಅತಿಯಾಗಿ ಬಂದಿತು, ಯಾವುದು ಬರಬೇಕಾದಾಗ ಬರಲಿಲ್ಲ ಎಂದು ತಿದ್ದುವ ಷರತ್ತನ್ನು ಗುತ್ತಿಗೆಯ ಪತ್ರದಲ್ಲಿಯೇ ಬರೆದಿಡುವುದು ಕಷ್ಟದ ಕೆಲಸವಲ್ಲ.

ಇಷ್ಟಾದರೂ ಪೆಟ್ಟಿಗೆಗೆ ಕಾಣದಿರುವುದೊಂದುಂಟು. ಅದು ಎಲ್ಲಕ್ಕಿಂತ ಅಪಾಯಕರವಾದುದು. ಕಡಿದ ತಂತಿಯು ಒಣ ಎಲೆಯ ಮೇಲೋ, ಕಲ್ಲಿನ ಮೇಲೋ, ಟಾರು ಹಾಕಿದ ರಸ್ತೆಯ ಮೇಲೋ ಬಿದ್ದಾಗ, ಭೂಮಿಗೆ ಇಳಿಯುವ ಪ್ರವಾಹವು ಬಹಳ ಅಲ್ಪವಾಗಿದ್ದು, ರಿಲೇಯು ಅದನ್ನು ದೋಷವೆಂದು ಗುರುತಿಸದೆ ಹೋಗಬಹುದು. ರಿಲೇ ಕಾಣದುದನ್ನು ಯಾವ ಪ್ರೋಟೋಕಾಲೂ ವರದಿಮಾಡಲಾರದು. ಬ್ರೇಕರು ಮುಚ್ಚಿಯೇ ಇರುತ್ತದೆ. ಪರದೆಯು ಹಸುರಾಗಿಯೇ ಇರುತ್ತದೆ. ತಂತಿಯು ನೆಲದ ಮೇಲೆ ಜೀವಂತವಾಗಿರುತ್ತದೆ. ಅಲ್ಲಿ ವರದಿಗಾರರಾಗಬೇಕಾದವರು ನಾವು. ಬಿದ್ದ ತಂತಿಯನ್ನು ಕಂಡರೆ ಅದರ ಹತ್ತಿರ ಹೋಗದೆ, ದನಕರುಗಳನ್ನೂ ಮಕ್ಕಳನ್ನೂ ದೂರವಿರಿಸಿ, 1912ಕ್ಕೆ ಕರೆಮಾಡಿ, ಬಿಲ್ಲಿನಲ್ಲಿರುವ ಆರ್.ಆರ್. ನಂಬರನ್ನೂ, ಹತ್ತಿರದ ಟಿ.ಸಿ.ಯ ಮೇಲೆ ಬರೆದಿರುವ ಗುರುತನ್ನೂ, ಕಂಡ ಹೊತ್ತನ್ನೂ ಹೇಳಿ. ತಂತಿ ಕಡಿದು ನೆಲದ ಮೇಲಿದೆಯೆಂಬುದನ್ನು ಮಾತ್ರ ಎಲ್ಲಕ್ಕಿಂತ ಮೊದಲು ಹೇಳಿ.